ಕಾಗವಾಡದ ಪರದೆ ಯಾಕೆ ನಿಧಾನವಾಗಿತ್ತು

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದೆ. ನಿವೃತ್ತನಾದ ಹೊಸದರಲ್ಲಿ ಕಣ್ಣಿನ ಆಪರೇಷನ್ ನೆಪವಾಯಿತು, ಆಮೇಲೆ ಮಗಳ ಬಾಣಂತನ. ಯಾವ ನೆಪವೂ ಉಳಿಯದಾದಾಗ, ಬರೆದು ಏನಾಗಬೇಕಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿದವರು ಸಿಕ್ಕಾಗಲೆಲ್ಲ ಒಂದೇ ಮಾತು. "ಕಾಕಾ, ಪೇಜ್ ನಿಧಾನ ಆದ್ರ ನೀವು ಏನ್ ಮಾಡ್ತಿದ್ರಿ, ಬರದ ಕೊಡ್ರಿ. ನಮಗ ಉಪಯೋಗ ಆಗ್ತೈತಿ." ಅವರಿಗೆ ಬೇಕಾದದ್ದು ಉಪಾಯಗಳು. ಉಪಾಯ ಬರೆಯಲು ಕುಳಿತರೆ ನನ್ನ ಪಾಪವನ್ನೂ ಬರೆಯಬೇಕಾಗುತ್ತದೆ. ಎರಡನ್ನೂ ಬೇರೆ ಮಾಡಲು ನನಗೆ ಬರಲಿಲ್ಲ. ಆದ್ದರಿಂದ ಎರಡನ್ನೂ ಬರೆಯುತ್ತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಟೈಪಿಂಗ್ ಕಲಿತು ಸಕ್ಕರೆ ಕಾರ್ಖಾನೆಯೊಂದರ ಚಿಕ್ಕೋಡಿ ಕಚೇರಿಗೆ ಸೇರಿದವನು. ಕಾರ್ಖಾನೆಯ ಹೆಸರು ಬೇಡ. ಏಕಸಂಬಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದೆ. ಟೈಪ್‌ರೈಟರ್ ತೆಗೆದು ಕಂಪ್ಯೂಟರ್ ಇಟ್ಟಾಗ, ಕೀಲಿಗಳ ಮೇಲೆ ಕೈ ಓಡುವವನು ಇವನೊಬ್ಬನೇ ಎಂದು ನನ್ನನ್ನು ಅದರ ಮುಂದೆ ಕೂರಿಸಿದರು. ಹಾಗೆ ಕುಳಿತವನು ಕೊನೆಯವರೆಗೂ ಏಳಲಿಲ್ಲ.

ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ನಮ್ಮ ಶೇತಕಿ ಆಫೀಸುಗಳು, ಅಂದರೆ ಕೃಷಿ ವಿಭಾಗದ ಕಚೇರಿಗಳು ಇದ್ದವು. ರೈತರು ಕಬ್ಬು ನೋಂದಾಯಿಸುವುದು, ಕಟಾವಿನ ಪರ್ಮಿಟ್ ಪಡೆಯುವುದು ಅಲ್ಲಿಯೇ. ಪರ್ಮಿಟ್ ಕೈಗೆ ಬಾರದೆ ಕಬ್ಬು ಕಡಿಯುವಂತಿಲ್ಲ. ಕಡಿಯುವ ಟೋಳಿಯವರು ಮಹಾರಾಷ್ಟ್ರದಿಂದ ಬಂದು ಹೊಲದಲ್ಲೇ ಡೇರೆ ಹಾಕಿಕೊಂಡು ಕುಳಿತಿರುತ್ತಾರೆ. ಪರ್ಮಿಟ್ ತಡವಾದರೆ ಅವರು ಪಕ್ಕದವನ ಹೊಲಕ್ಕೆ ಹೋಗಿಬಿಡುತ್ತಾರೆ, ಇವನ ಕಬ್ಬು ನಿಂತಲ್ಲೇ ಒಣಗುತ್ತದೆ. ನಮ್ಮ ಪರದೆಯ ಮೇಲೆ ಒಂದು ಪುಟ ತೆರೆಯಲು ತಡವಾದರೆ ಯಾರಿಗೆ ಏನಾಗುತ್ತದೆ ಎಂಬುದು ತಿಳಿಯಲೆಂದು ಇದನ್ನು ಹೇಳುತ್ತಿದ್ದೇನೆ. ಏಸಿ ಕೋಣೆಯಲ್ಲಿ ಕುಳಿತವರಿಗೆ ಅದು ತಿಳಿಯುವುದಿಲ್ಲ. ನನಗೂ ಬಹಳ ಕಾಲ ತಿಳಿದಿರಲಿಲ್ಲ.

ಎರಡು ಸಾವಿರದ ನಂತರದ ಮೊದಲ ವರ್ಷಗಳಲ್ಲಿ ಈ ಆಫೀಸುಗಳ ಲೆಕ್ಕವೆಲ್ಲ ಫ್ಲಾಪಿಯಲ್ಲಿ, ಸರಕಾರಿ ಬಸ್ಸಿನಲ್ಲಿ ಬರುತ್ತಿತ್ತು. ರಾಯಬಾಗದ ಕಡೆಯ ಕಂಡಕ್ಟರನೊಬ್ಬ ಫ್ಲಾಪಿಯ ಡಬ್ಬಿಯನ್ನು ಜೋಪಾನವಾಗಿರಲೆಂದು ಡ್ರೈವರ್ ಪಕ್ಕದ ಇಂಜಿನ್ ಮೇಲೆ ಇಟ್ಟುಕೊಂಡು ತರುತ್ತಿದ್ದ. ಚಿಕ್ಕೋಡಿಗೆ ಬರುವಷ್ಟರಲ್ಲಿ ಅವು ಹಪ್ಪಳದಂತೆ ಸೊಟ್ಟಗಾಗಿರುತ್ತಿದ್ದವು. "ನಾ ಏನ್ ಮಾಡ್ಲಿ ಮಾರಾಯಾ? ಬುಟ್ಟ್ಯಾಗ ಇಟ್ರ ಕೋಳಿ ಕುಂಡ್ರತಾವು" ಎಂದು ನನ್ನನ್ನೇ ಜೋರು ಮಾಡಿದ್ದ. ಆ ಕಾಲದ ಕಷ್ಟ ಕಣ್ಣಿಗೆ ಕಾಣುತ್ತಿತ್ತು. ಮುಂದೆ ಬಂದದ್ದು ಕಣ್ಣಿಗೆ ಕಾಣದ ಕಷ್ಟ.

ಎರಡು ಸಾವಿರದ ಹತ್ತು ದಾಟಿದ ಮೇಲೆ ವರ್ಚುವಲ್ ಡೆಸ್ಕ್‌ಟಾಪ್ ಬಂತು. ಗುಮಾಸ್ತರ ಮುಂದೆ ಒಂದು ಪರದೆ, ಒಂದು ಕೀಬೋರ್ಡ್, ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ. ನಿಜವಾದ ಕಂಪ್ಯೂಟರ್ ಅಲ್ಲಿ ಇರುವುದೇ ಇಲ್ಲ, ಅದು ಚಿಕ್ಕೋಡಿಯ ಸರ್ವರ್ ಕೋಣೆಯಲ್ಲಿ ಓಡುತ್ತಿರುತ್ತದೆ. ಕಾಗವಾಡದಲ್ಲಿ ಒಂದು ಅಕ್ಷರ ಒತ್ತಿದರೆ ಅದು ಚಿಕ್ಕೋಡಿಗೆ ಹೋಗಿ ಮೂಡಿ, ಮೂಡಿದ್ದರ ಚಿತ್ರ ಮಾತ್ರ ಕಾಗವಾಡಕ್ಕೆ ತಿರುಗಿ ಬರುತ್ತದೆ. ಕಬ್ಬಿನ ನೋಂದಣಿ, ಪರ್ಮಿಟ್ ಎಲ್ಲವನ್ನೂ ಬ್ರೌಸರ್‌ನಲ್ಲಿ ತೆರೆಯುವ ಒಂದೇ ವೆಬ್‌ಸೈಟಿಗೆ ಹಾಕಿದ್ದೆವು.

ಇದನ್ನು ಕೂರಿಸಲು ಪುಣೆಯಿಂದ ನಿಖಿಲ ಎಂಬ ಇಂಜಿನಿಯರ್ ಬಂದಿದ್ದ. ಹೋಗುವಾಗ ನನ್ನ ಹೆಗಲ ಮೇಲೆ ಕೈ ಇಟ್ಟು, "ಕಾಕಾ, ಇಥೂನ ಕಾಹೀ ದಿಸಣಾರ ನಾಹೀ. ತಿಥೇ ಜಾವೂನ ಬಸಾ" ಎಂದ. ಇಲ್ಲಿಂದ ಏನೂ ಕಾಣುವುದಿಲ್ಲ, ಅಲ್ಲಿಗೇ ಹೋಗಿ ಕುಳಿತು ನೋಡಿ ಎಂದು. ಇದಕ್ಕಿಂತ ದೊಡ್ಡ ಉಪಾಯ ನಮ್ಮ ಕೆಲಸದಲ್ಲಿ ಇಲ್ಲ. ನಾನು ಹ್ಞೂಂ ಎಂದು ತಲೆಯಾಡಿಸಿ ಮರೆತೆ.

ಮೊದಲು ತಕರಾರು ಬಂದದ್ದು ರಾಯಬಾಗದಿಂದ. ಮುಂಜಾನೆ ಯಂತ್ರ ಏಳುವುದೇ ಇಲ್ಲ ಎಂದು. ಬೇರೆ ಆಫೀಸಿನವರದೂ ಅದೇ ಗೋಳು. ನಾನು ಸರ್ವರ್ ಸಣ್ಣದಾಯಿತು ಎಂದುಕೊಂಡು ದೊಡ್ಡದು ಬೇಕೆಂದು ಮೇಲಿನವರ ಬೆನ್ನು ಹತ್ತಿದೆ. ನಿಜ ಏನೆಂದರೆ ಎಲ್ಲ ಆಫೀಸಿನವರೂ ಒಂದೇ ಹೊತ್ತಿಗೆ ಬೀಗ ತೆಗೆದು, ಒಂದೇ ಹೊತ್ತಿಗೆ ಗುಂಡಿ ಒತ್ತುತ್ತಿದ್ದರು. ಎಲ್ಲರ ಡೆಸ್ಕ್‌ಟಾಪೂ ಒಮ್ಮೆಲೇ ಏಳಲು ಹೋಗಿ ಒಂದಕ್ಕೊಂದು ದಾರಿ ಕಟ್ಟಿಕೊಳ್ಳುತ್ತಿದ್ದವು. ಸಿಬ್ಬಂದಿ ಬರುವ ಮೊದಲೇ ಅವು ಒಂದೊಂದಾಗಿ ತಾವೇ ಎದ್ದು ಕುಳಿತಿರುವಂತೆ ಮಾಡಿದೆವು, ಮುಗಿಯಿತು. ದೊಡ್ಡ ಸರ್ವರಿನ ಮಾತನ್ನು ಮತ್ತೆ ಎತ್ತಲಿಲ್ಲ.

ಅಥಣಿಯದು ನಾನು ಮಾಡಿದ ಅನಾಹುತ. ಅಲ್ಲಿಂದ ನಿಧಾನ ಎಂದು ಫೋನ್ ಬಂದಾಗಲೆಲ್ಲ ಸರ್ವರನ್ನು ರೀಸ್ಟಾರ್ಟ್ ಮಾಡುವುದು ನನ್ನ ಔಷಧವಾಗಿತ್ತು. ಒಂದು ದಿನ ಜನ ತುಂಬಿದ ಹೊತ್ತಿನಲ್ಲಿ ಯಾರಿಗೂ ಹೇಳದೆ ಹಾಗೆ ಮಾಡಿದೆ. ಎಲ್ಲ ಆಫೀಸುಗಳಲ್ಲೂ ಅರ್ಧ ತುಂಬಿಸಿದ್ದೆಲ್ಲ ಹೋಯಿತು. ತೆಲಸಂಗದ ಒಣ ಹೊಲಕ್ಕೆ ಹೊಸದಾಗಿ ಬೋರ್ ಹೊಡೆಸಿ ಮೊದಲ ಸಲ ಕಬ್ಬು ಹಚ್ಚಿದ್ದ ರೈತನೊಬ್ಬ ಅಥಣಿಯ ಗುಮಾಸ್ತನ ಕೈಯಿಂದ ಫೋನ್ ಕಸಿದುಕೊಂಡ.

"ಯಾರಲೇ ನೀ?"

"ಕಂಪ್ಯೂಟರ್ ಸೆಕ್ಷನ್‌ದಾಂವ ರೀ."

"ಮೂರ ಸರ್ತೆ ನನ್ನ ಹೆಸರ ಬರಸೀನಿ. ಮೂರ ಸರ್ತೆ ಅಳಸೀರಿ. ನಿಮ್ಮ ಯಂತ್ರಕ್ಕ ನನ್ನ ಹೆಸರ ಸೇರೂದಿಲ್ಲೇನು? ಸೇರ್ಲಿಲ್ಲಂದ್ರ ಹೇಳ್ಬಿಡು, ಕುರಿ ಬಿಟ್ಟು ಮೇಯಿಸತೀನಿ ಕಬ್ಬಿನ್ಯಾಗ."

ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ನೋಡಿದರೆ ಅಥಣಿಯ ಆಫೀಸಿನಲ್ಲಿ ಒಬ್ಬರು ಕ್ರಿಕೆಟ್ ಸ್ಕೋರಿನ ಪುಟ ತೆರೆದಿಟ್ಟು ಮೂಲೆಯಲ್ಲಿ ಸಣ್ಣದು ಮಾಡಿರುತ್ತಿದ್ದರು. ಅದು ಸುಮ್ಮನಿರದೆ ಕ್ಷಣಕ್ಷಣಕ್ಕೂ ಬದಲಾಗುತ್ತಿತ್ತು. ಬದಲಾದದ್ದರ ಚಿತ್ರವೆಲ್ಲ ಅದೇ ತಂತಿಯಲ್ಲಿ ಹೋಗಬೇಕು. ಈ ಪಾಠವನ್ನು ಅಲ್ಲಿಯೇ ಕಲಿತೆ. ವರ್ಚುವಲ್ ಡೆಸ್ಕ್‌ಟಾಪಿನ ಪರದೆಯ ಮೇಲೆ ಅಲುಗಾಡುವುದು ಯಾವುದೇ ಇರಲಿ, ಅದು ದಾರಿ ತಿನ್ನುತ್ತದೆ. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅದೇ ಪುಟ ಹಗುರವಾಗಿ ಓಡಬಹುದು. ಅಲ್ಲಿ ಚಿತ್ರ ಒಮ್ಮೆ ಬಂದು ಅಲ್ಲಿಯೇ ಆಡುತ್ತದೆ. ಇಲ್ಲಿ ಪ್ರತಿ ಅಲುಗಾಟಕ್ಕೂ ಹೊಸ ಚಿತ್ರ ಊರಿಂದ ಊರಿಗೆ ಓಡಬೇಕು.

ಇಷ್ಟು ಕಲಿತವನು ನಾನೇ. ಮುಂದಿನದನ್ನು ಮಾಡಿದವನೂ ನಾನೇ.

ನಮ್ಮ ಗಡಿಭಾಗದಲ್ಲಿ ದೊಡ್ಡವರ ಹುಟ್ಟುಹಬ್ಬಕ್ಕೆ ಸರ್ಕಲ್ ಸರ್ಕಲ್‌ಗೆ ಬ್ಯಾನರ್ ನಿಲ್ಲುತ್ತವೆ. ಒಂದು ಬದಿ ಕನ್ನಡ, ಒಂದು ಬದಿ ಮರಾಠಿ, ನಡುವೆ ಕೈ ಮುಗಿದ ಸಾಹೇಬರು, ಕೆಳಗೆ ಶುಭ ಕೋರುವವರ ಸಣ್ಣ ಸಣ್ಣ ಮುಖಗಳು. ನಮ್ಮ ಚೇರ್ಮನ್‌ರ ಹುಟ್ಟುಹಬ್ಬ ಬಂದಾಗ ಬೇರೆ ವಿಭಾಗದವರೆಲ್ಲ ಬ್ಯಾನರ್ ಹಾಕಿಸಿದರು. ನಾನು ಅವರನ್ನು ಮೀರಿಸಬೇಕೆಂದು ಅದನ್ನು ವೆಬ್‌ಸೈಟಿನ ತಲೆಯ ಮೇಲೆ ಹಾಕಿಸಿದೆ. ಚೇರ್ಮನ್‌ರ ಫೋಟೊ, ಅದರ ಮೇಲೆ ಬಿಡದೆ ಉದುರುವ ಗುಲಾಬಿ ದಳಗಳು, ಕೆಳಗೆ ಎರಡು ಭಾಷೆಗಳಲ್ಲಿ ಓಡುವ ಶುಭಾಶಯ. ಯಾವ ಪುಟ ತೆರೆದರೂ ಅದು ಮೇಲೆ ಇರುತ್ತಿತ್ತು. ಚಿಕ್ಕೋಡಿಯಲ್ಲಿ ನೋಡಿದ ಚೇರ್ಮನ್‌ರು ನನ್ನ ಬುದ್ಧಿಗೆ ಮೆಚ್ಚಿ ಬೆನ್ನು ತಟ್ಟಿದರು. "ಏನ್ ಡೋಕಿ ಓಡಸ್ತೀಯೋ ನೀ!" ಹುಟ್ಟುಹಬ್ಬ ಮುಗಿದರೂ ಅದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಸಾಹೇಬರ ಫೋಟೊ ಇಳಿಸಿದವನು ಯಾರು ಎಂಬ ಪ್ರಶ್ನೆಗೆ ಉತ್ತರವಾಗಲು ಯಾರು ತಯಾರಿರುತ್ತಾರೆ?

ಆಗಲೇ ಕಾಗವಾಡದಿಂದ ತಕರಾರು ಶುರುವಾದದ್ದು. ಬೇರೆ ಆಫೀಸುಗಳಿಗೆ ಹೊಸ ಫೈಬರ್ ಲೈನ್ ಬಂದಿತ್ತು. ಕಾಗವಾಡಕ್ಕೆ ಹಳೆಯ ತಾಮ್ರದ ತಂತಿಯೇ ಗತಿ. ಅಲ್ಲಿ ಪರ್ಮಿಟ್ ಕೊಡುವ ಗುಮಾಸ್ತೆ ಟೆಂಪರವರಿ ಮೇಲಿದ್ದ ಹೆಣ್ಣುಮಗಳು. ಬೌದ್ಧ ಧರ್ಮಕ್ಕೆ ಸೇರಿದ ದಲಿತ ಮನೆತನ. ಅಪ್ಪ ಅವ್ವ ಬೇರೆಯವರ ಕಬ್ಬಿನ ಹೊಲದಲ್ಲಿ ದುಡಿದವರು. ಆ ಮನೆಯಲ್ಲಿ ತಿಂಗಳ ಸಂಬಳದ ಕುರ್ಚಿಯ ಮೇಲೆ ಕುಳಿತವರು ಅವಳೇ ಮೊದಲು. ಆ ಹಂಗಾಮಿನಲ್ಲಿ ಕೆಲವರನ್ನು ಕಾಯಂ ಮಾಡುವವರಿದ್ದರು, ಅವರಲ್ಲಿ ಅವಳೂ ಇದ್ದಳು. ತಕರಾರು ಮಾತ್ರ ಯಂತ್ರದ ಮೇಲೆ ಬರಲಿಲ್ಲ, ಅವಳ ಮೇಲೆ ಬಂತು. ಅಲ್ಲಿಯ ಓವರ್‌ಸಿಯರ್ ಮುಖ್ಯ ಕಚೇರಿಗೆ ಬಂದಾಗಲೆಲ್ಲ, "ಇಂಥವರನ್ನ ಕುರ್ಚಿ ಮ್ಯಾಲ ಕುಂಡ್ರಿಸಿದ್ರ ಹಿಂಗ ಆಗೂದು" ಎನ್ನುತ್ತಿದ್ದ. ಚಹಾ ಕುಡಿಯುತ್ತಿದ್ದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ಚಿಕ್ಕೋಡಿಯಲ್ಲೇ ಕುಳಿತು, ನನ್ನ ಯಂತ್ರದಲ್ಲೇ ಪುಟ ತೆರೆದು ನೋಡಿ, "ಎಲ್ಲಾ ಸರಿ ಐತಿ" ಎಂದು ಎಷ್ಟೋ ಸಲ ಫೋನ್ ಇಟ್ಟಿದ್ದೆ. ಕೊನೆಗೆ ಅವಳು ಒಂದು ದಿನ, "ಸರ್, ಒಮ್ಮೆ ಬಂದು ನನ್ನ ಕುರ್ಚಿ ಮ್ಯಾಲ ಕುಂತ ನೋಡ್ರಿ. ತಪ್ಪು ನಂದ ಇದ್ರ ನಾನ ಒಪ್ಪತೀನಿ" ಎಂದಳು. ಹೋದೆ.

ಆಫೀಸಿನ ಕಟ್ಟೆಯ ಮೇಲೆ, ಗೋಡೆಯ ನೆರಳಿನಲ್ಲಿ, ಟ್ರ್ಯಾಕ್ಟರಿನ ಇಂಜಿನ್ ಮೇಲೆ ಕೂಡ ರೈತರು ಕುಳಿತಿದ್ದರು. ಉಗಾರ ಬುದ್ರುಕದ ಒಬ್ಬ ಹಿರಿಯ ನನ್ನ ಚೀಲ ನೋಡಿ, "ಡಾಕ್ಟರ್ ಬಂದ್ರ ನೋಡ್ರಿ, ಯಂತ್ರಕ್ಕ ಸುಜಿ ಮಾಡಾಕ" ಎಂದ. ಮತ್ತೊಬ್ಬ, "ಯಂತ್ರಕ್ಕ ಬ್ಯಾಡೋ, ಮೊದ್ಲ ನಮಗ ಗ್ಲೂಕೋಸ್ ಹಚ್ಚಿಸ್ರಿ" ಎಂದ. ಒಳಗೆ ಕುಳಿತಿದ್ದ ಅವಳೂ ನಕ್ಕಳು. ಮೇಜಿನ ಮೇಲೆ ಬುದ್ಧನ ಪುಟ್ಟ ಫೋಟೊ ಇತ್ತು. ಕುರ್ಚಿ ಬಿಟ್ಟು ಎದ್ದು ನಿಂತು, "ಕುಂಡ್ರಿ ಸರ್" ಎಂದಳು.

ಕುಳಿತೆ. ಒಂದು ಹೆಸರು ಬರೆದೆ. ಅಕ್ಷರಗಳು ಒಂದೊಂದಾಗಿ, ಯೋಚನೆ ಮಾಡಿ ಮಾಡಿ ಬಂದಂತೆ ಬಂದವು. ಪುಟದ ತಲೆಯ ಮೇಲೆ ಚೇರ್ಮನ್‌ರು ಕೈ ಮುಗಿದಿದ್ದರು, ದಳಗಳು ತಡೆತಡೆದು ಉದುರುತ್ತಿದ್ದವು. ಅಥಣಿಯ ಕ್ರಿಕೆಟ್ ಸ್ಕೋರ್ ನೆನಪಾಯಿತು. ನೋಟ್‌ಪ್ಯಾಡ್ ತೆರೆದು, ಆ ಬಿಳಿ ಕಿಟಕಿ ಯಾವಾಗಲೂ ಎಲ್ಲದರ ಮೇಲೆಯೇ ನಿಲ್ಲುವಂತೆ ಮಾಡಿ, ಎಳೆದು ಫೋಟೊದ ಮೇಲೆ ಇಟ್ಟೆ. ಅಷ್ಟೇ. ಮುಚ್ಚಿದ ಭಾಗದ ಚಿತ್ರ ಕಳಿಸುವ ಕೆಲಸ ನಿಂತಿತು, ಅಕ್ಷರಗಳು ಕೈಯ ಜೊತೆ ಓಡತೊಡಗಿದವು.

ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ, ಅಂದ್ರ ಸಾಹೇಬ್ರ ಮ್ಯಾಲಿನ ಹೂವಾ ಏನ್ರಿ ನನ್ನ ಕೈ ಹಿಡದಿದ್ದು?"

"ಸದ್ಯಕ್ಕ ಹಿಂಗ ಮುಚ್ಚಿಟ್ಟು ಕೆಲಸಾ ಮಾಡು ತಂಗಿ. ನಾ ಹೋಗಿ ಅದನ್ನ ತಗಸ್ತೀನಿ."

"ನನ್ನ ತಪ್ಪಲ್ಲ ಅಂತ ಅಲ್ಲೆ ಹೇಳ್ತೀರಲ್ರಿ? ಕಾಯಂ ಮಾಡೂದು ಈಗ ಬಂದೈತ್ರಿ ಸರ್."

"ಹೇಳ್ತೀನಿ ತಗೋ."

ಚಿಕ್ಕೋಡಿಗೆ ಬಂದೆ. ಇವತ್ತು ಕೇಳೋಣ, ನಾಳೆ ಕೇಳೋಣ ಎಂದು ಚೇರ್ಮನ್‌ರ ಮುಖ ನೋಡುತ್ತ ದಿನ ಕಳೆದೆ. ಸಾಹೇಬರೇ, ನಿಮ್ಮ ಹೂವಿನಿಂದ ಕಬ್ಬು ನಿಂತಿದೆ ಎಂದು ಹೇಗೆ ಹೇಳುವುದು? ಹೂವು ಹಾಕಿದವನು ನಾನೇ. ಕಾಗವಾಡದಲ್ಲಿ ಅವಳು ನಾನು ಹೇಳಿದ ಹಾಗೆ ಮುಚ್ಚಿಟ್ಟು ಕೆಲಸ ಮಾಡುತ್ತಿದ್ದಳು, ಪರ್ಮಿಟ್‌ಗಳು ಹೊರಡುತ್ತಿದ್ದವು. ತಕರಾರು ನಿಂತದ್ದರಿಂದ ನನಗೆ ಇನ್ನಷ್ಟು ಆಲಸ್ಯ ಬಂತು.

ಓವರ್‌ಸಿಯರ್ ಒಂದು ದಿನ ಅವಳ ಪರದೆ ನೋಡಿದ. ಮರುದಿನವೇ ಅವಳನ್ನು ಚಿಕ್ಕೋಡಿಗೆ ಕರೆಸಿದರು. ಚೇರ್ಮನ್‌ರು, ಎಂ.ಡಿ. ಸಾಹೇಬರು, ಓವರ್‌ಸಿಯರ್, ಗೋಡೆಗೆ ಹತ್ತಿ ನಿಂತ ನಾನು. ಅವಳಿಗೆ ಕುಳಿತುಕೊಳ್ಳಲು ಯಾರೂ ಹೇಳಲಿಲ್ಲ.

ಓವರ್‌ಸಿಯರ್ ಶುರು ಮಾಡಿದ. "ಸಾಹೇಬ್ರ, ಈಕಿ ದಿನಾ ಬಂದ ಕೂಡ್ಲೆ ಮೊದ್ಲ ನಿಮ್ಮ ಫೋಟೊ ಮುಚ್ಚತಾಳ್ರಿ. ತಮ್ಮ ಬುದ್ಧನ ಫೋಟೊ ಮಾತ್ರ ಒರಸಿ ಒರಸಿ ಇಡತಾಳ."

ಚೇರ್ಮನ್‌ರು ನಗುತ್ತಲೇ ಕೇಳಿದರು. "ಯಾಕವಾ, ನನ್ನ ಮಾರಿ ಅಷ್ಟು ಕೆಟ್ಟ ಐತೇನ?" ಎಲ್ಲರೂ ನಕ್ಕರು. ಆ ನಗುವಿನಲ್ಲಿ ಸಿಟ್ಟು ಎಷ್ಟಿದೆ ಎಂಬುದು ನಮಗೆಲ್ಲ ಗೊತ್ತಿತ್ತು.

"ಹಂಗಲ್ರಿ ಸಾಹೇಬ್ರ. ಫೋಟೊ ಮ್ಯಾಲ ಹೂವ ಬೀಳತಾವಲ್ರಿ, ಅದರಿಂದ ನಮ್ಮ ಲೈನ್ ತುಂಬಿ ಪೇಜ್ ತಡಾ ಆಗತೈತ್ರಿ. ಸರ್ ಅವ್ರ ಬಂದು ನೋಡಿ, ಮುಚ್ಚಿಟ್ಟು ಕೆಲಸಾ ಮಾಡು ಅಂತ ಹೇಳ್ಯಾರ್ರಿ."

ಚೇರ್ಮನ್‌ರು ನನ್ನ ಕಡೆ ತಿರುಗಿದರು. "ಹೌದೇನೋ? ನನ್ನ ಮಾರಿ ಮುಚ್ಚು ಅಂತ ನೀ ಹೇಳಿದಿಯೇನು?"

"ಇಲ್ರಿ ಸಾಹೇಬ್ರ. ನಾ ಯಾಕ ಹಂಗ ಹೇಳ್ಲಿರಿ?"

ಎಂ.ಡಿ. ಸಾಹೇಬರು ಕೇಳಿದರು. "ಹಂಗಾರ ಯಂತ್ರದಾಗ ತೊಂದರಿ ಐತೋ ಇಲ್ಲೋ?"

"ಯಂತ್ರ ಛಲೋ ಐತ್ರಿ. ಕೈ ನಿಧಾನ ಐತ್ರಿ."

"ಸರ್..." ಎಂದಳು ಅವಳು, ಒಂದೇ ಸಲ. ನಾನು ನೆಲ ನೋಡುತ್ತ ನಿಂತೆ.

ಕಾಯಂ ಆಗುವುದು ಹಾಗಿರಲಿ, ನಾಳೆಯಿಂದ ಬರಬೇಡ ಎಂದು ಅಲ್ಲಿಯೇ ಹೇಳಿದರು.

ಅವಳ ಜಾಗಕ್ಕೆ ಚೇರ್ಮನ್‌ರ ಕಡೆಯ ನೆಂಟರೊಬ್ಬರು ಬಂದರು. ಬಂದ ವಾರದೊಳಗೇ ನನಗೆ ಫೋನು. "ಕಾಕಾ, ಏನ್ ಡಬ್ಬಾ ಕೊಟ್ಟೀರಿ ಇದು? ಒಂದಕ್ಷರ ಮೂಡೂದ್ರಾಗ ಒಂದ ಚಾ ಕುಡದ ಬರಬಹುದು." ಈ ಸಲ ಕೈ ನಿಧಾನ ಎನ್ನಲು ನನಗೆ ಬಾಯಿ ಬರಲಿಲ್ಲ. ಹಂಗಾಮಿನ ನೆಪ ಮಾಡಿ ಚೇರ್ಮನ್‌ರ ಬೇರೊಂದು ಫೋಟೊ ತರಿಸಿದೆ. ಹಳೆಯದಕ್ಕಿಂತ ದೊಡ್ಡದು, ರುಮಾಲು ಸುತ್ತಿದ್ದು. ಹೂವಿಲ್ಲ, ಓಡುವ ಅಕ್ಷರವಿಲ್ಲ, ಅಲುಗಾಡದೆ ನಿಂತ ಫೋಟೊ. ಅದನ್ನು ಹಾಕಿಸಿ ತೋರಿಸಿದೆ. "ಈಗ ಮಾರಿ ಚೆಂದ ಕಾಣತೈತಿ ನೋಡು" ಎಂದರು ಚೇರ್ಮನ್‌ರು. ಅಷ್ಟೇ. ನಾನು ಹೆದರಿ ದಿನ ಕಳೆದದ್ದು ಇಷ್ಟು ಸಣ್ಣ ಮಾತಿಗೆ. ಇದೇ ಫೋಟೊವನ್ನು ಸ್ವಲ್ಪ ಮೊದಲು ತಂದಿದ್ದರೆ ಒಬ್ಬಳ ಅನ್ನ ಉಳಿಯುತ್ತಿತ್ತು.

ಅಂದಿನಿಂದ ಕಾಗವಾಡದ ಪರದೆ ಓಡಿತು. ಇಲ್ಲಿಯೇ ನನ್ನ ಎರಡನೆಯ ಪಾಪ ಇದೆ. ಓವರ್‌ಸಿಯರ್ ಎಲ್ಲರ ಮುಂದೆ, "ನೋಡ್ರಿ, ಮಂದಿ ಬದಲಾತು, ಕೆಲಸ ಬದಲಾತು. ನಾ ಮೊದ್ಲ ಹೇಳಿದ್ನಿಲ್ಲೋ?" ಎಂದ. ನಾನು ಮಾಡಿದ ದುರಸ್ತಿಯೇ ಅವಳ ವಿರುದ್ಧ ಸಾಕ್ಷಿಯಾಯಿತು. ದುರಸ್ತಿ ನನ್ನದು ಎಂದು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹಂಗಾಮು ಮುಗಿದಾಗ ಚೆನ್ನಾಗಿ ದುಡಿದವರಿಗೆ ಶಾಲು ಹೊದಿಸಿ ಸತ್ಕಾರ ಮಾಡಿದರು. ನನಗೂ ಹೊದಿಸಿದರು. ಹೊದಿಸಿಕೊಂಡು ಫೋಟೊಕ್ಕೆ ನಿಂತೆ.

ಹೆದರಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನನ್ನನ್ನು ನಾನು ನಂಬಿಸಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಆ ಕುರ್ಚಿಯ ಮೇಲೆ ಊರ ಗೌಡರ ಮಗಳು ಕುಳಿತಿದ್ದರೆ ನನ್ನ ಬಾಯಿಗೆ ಹೇಗಾದರೂ ಮಾಡಿ ಮಾತು ಬರುತ್ತಿತ್ತು. ಇವಳ ಪರವಾಗಿ ಕೇಳಲು ಯಾರೂ ಬರುವುದಿಲ್ಲ ಎಂದು ಗೊತ್ತಿದ್ದದ್ದರಿಂದ ನನಗೆ ಸುಳ್ಳು ಸುಲಭವಾಯಿತು. ಹೊಸದಾಗಿ ಸೇರಿದವರೇ, ನಿಮಗೆ ಉಪಯೋಗವಾಗಲೆಂದು ಕೇಳಿದಿರಲ್ಲ, ಇದನ್ನು ಬರೆದುಕೊಳ್ಳಿ. ಯಂತ್ರವೋ ಮನುಷ್ಯರೋ ಎಂದು ಮೇಲಿನವರು ಕೇಳುವ ದಿನ ನಿಮಗೂ ಬರುತ್ತದೆ. ಯಂತ್ರ ತಿರುಗಿ ಮಾತಾಡುವುದಿಲ್ಲ. ಎದುರಿಗೆ ನಿಂತ ಬಡವರೂ ತಿರುಗಿ ಮಾತಾಡುವುದಿಲ್ಲ. ಇಬ್ಬರಲ್ಲಿ ಯಾರ ಮೇಲೆ ತಪ್ಪು ಹಾಕಿದರೂ ನಡೆಯುತ್ತದೆ. ನಡೆಯುತ್ತದೆ ಎಂಬುದೇ ಈ ಕೆಲಸದ ವಿಷ.

ನಿವೃತ್ತಿಗೆ ಸ್ವಲ್ಪ ಮೊದಲು ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ತಂಬಾಕು ಹಸನು ಮಾಡುವ ವಖಾರಿಗೆ ಕೂಲಿಗೆ ಹೋಗುವ ಹೆಂಗಸರ ಗುಂಪಿನಲ್ಲಿದ್ದಳು. ನಾನು ಮುಖ ತಿರುಗಿಸುವಷ್ಟರಲ್ಲಿ ಅವಳೇ ಹತ್ತಿರ ಬಂದಳು.

"ಸರ್, ಆರಾಮ ಅದೀರೇನ್ರಿ?"

"ಹ್ಞೂಂ, ಆರಾಮ. ನೀ?"

"ನಡದೈತ್ರಿ. ವಖಾರ್ಯಾಗ ಅದೀನಿ ಈಗ." ಬುತ್ತಿಯ ಚೀಲ ಇನ್ನೊಂದು ಕೈಗೆ ಬದಲಿಸಿ, "ಕಾಗವಾಡದಾಗ ಪರ್ಮಿಟ್ ಲಗೂನ ಬರತಾವಂತಲ್ರಿ ಈಗ? ಉಗಾರದವ್ರು ಸಿಕ್ಕಿದ್ರು, ಹೇಳಿದ್ರು" ಎಂದಳು.

"ಹ್ಞೂಂ."

"ಹೂವ ನಿಲ್ಲಿಸಿದ್ರೇನ್ರಿ?"

"ನಿಲ್ಲಿಸಿದೆ."

"ಛಲೋ ಆತ್ ಬಿಡ್ರಿ. ರೈತ್ರು ಪಾಪ, ನಿಂತ ನಿಂತ ಸಾಕಾಗಿ ಹೋಗ್ತಿದ್ರು."

ಅವಳ ದನಿಯಲ್ಲಿ ಚುಚ್ಚು ಇತ್ತೇನೋ ಎಂದು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಚಿಕ್ಕೋಡಿಯ ಬಸ್ಸು ಬಂತು. ತಪ್ಪಾಯಿತು ಎನ್ನಲು ಎಷ್ಟು ಹೊತ್ತು ಬೇಕಿತ್ತು? "ಬರ್ತೀನಿ ತಂಗಿ" ಎಂದು ಹತ್ತಿ ಕುಳಿತೆ. ಮತ್ತೆ ಹುಡುಕಿಕೊಂಡು ಹೋಗಲಿಲ್ಲ. ನಿಪ್ಪಾಣಿ ನನ್ನ ಮನೆಯಿಂದ ದೂರವೇನೂ ಇಲ್ಲ.

ನಿಮ್ಮ ವಿಭಾಗದಲ್ಲಿ ಇಂದಿಗೂ ಯಾವುದಾದರೂ ಆಫೀಸು ತಡಮಾಡಿದರೆ, "ಕಾಗವಾಡದಾಗ ಮೊದ್ಲ ಒಬ್ಬಾಕಿ ಇದ್ಲು, ಹಂಗಾತಿದು" ಎಂದು ನಗೆಯಾಡುತ್ತಾರೆ ಎಂದು ಕೇಳಿದ್ದೇನೆ. ಆ ಮಾತನ್ನು ಹುಟ್ಟಿಸಿದವನು ನಾನು. ಇನ್ನು ಮುಂದೆ ಯಾರಾದರೂ ಹಾಗೆ ನಕ್ಕರೆ ಅವರಿಗೆ ಹೇಳಿ: ಅವಳ ಕೈ ನಿಧಾನ ಇರಲಿಲ್ಲ. ಮತ್ತು ಅವಳು ಯಾರೋ ಒಬ್ಬಾಕಿ ಅಲ್ಲ. ಅವಳ ಹೆಸರು ಸುಜಾತಾ ಯಶವಂತ ಕಾಂಬಳೆ.